ಬಾಗಿಲಿನ ಬೇವು

“ಗುರುಗಳೇ, ಊರೂರಿನ ಕಾಯಿಲೆಯ ವಿವರವೆಲ್ಲ ನನ್ನಲ್ಲಿದೆ. ನಾಳೆ ಅರಮನೆಗೆ ಒಪ್ಪಿಸಿದರೆ ಅರಸರು ಜನರಿಗೆ ಒಳಿತಾಗುವ ಕಟ್ಟಳೆ ಮಾಡುತ್ತಾರೆ. ಒಳ್ಳೆಯದು ಮಾಡುವುದಕ್ಕೂ ಜನರನ್ನು ಕೇಳಬೇಕೆ?” ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅಲ್ಲಿ ಯಾರಿಗಾದರೂ ಸಿಡುಬು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎಂದು ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡ ನೆರೆಯವರು ಒಳಗೆ ಕಾಲಿಡದೆ, ಹೊಸ್ತಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ವೈದ್ಯ ಬೇವು ಕಟ್ಟಿದ ಮನೆಗಳನ್ನೆಲ್ಲ ಗುರುತಿಟ್ಟುಕೊಂಡು ಅರಸನಿಗೆ ತಿಳಿಸಿದ. ಅರಸನೂ ಒಳ್ಳೆಯವನೇ. ರೋಗಿಗಳನ್ನು ಊರಾಚೆಯ ಛತ್ರಕ್ಕೆ ಸಾಗಿಸಿ ಎಂದು ಅಪ್ಪಣೆ ಕೊಟ್ಟ. ಭಟರು ಬಂದು ತಾಯಂದಿರ ಮಡಿಲಿನಿಂದ ಮಕ್ಕಳನ್ನು ಎತ್ತಿಕೊಂಡು ಹೋದರು. ಒಬ್ಬ ಕುಂಬಾರಗಿತ್ತಿಯ ಮಗ ಛತ್ರದಲ್ಲೇ ಒಂಟಿಯಾಗಿ ತೀರಿಹೋದ.

ಮರುವರ್ಷ ಒಂದು ಬಾಗಿಲಲ್ಲೂ ಬೇವಿರಲಿಲ್ಲ. ಕಾಯಿಲೆ ಊರು ಬಿಟ್ಟಿತೆಂದು ವೈದ್ಯ ಹಿಗ್ಗಿದ. ಆದರೆ ಅಮ್ಮ ಮನೆಗಳ ಒಳಗೇ ಇದ್ದಳು. ಗುರುತಿಲ್ಲದೆ ನೆರೆಯವರು ಹೋಗಿಬಂದು ಮಾಡಿದರು, ಸಿಡುಬು ಬೀದಿಬೀದಿಗೆ ಹಬ್ಬಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಆಡಲು ಹೋಗಿದ್ದ ವೈದ್ಯನ ಮಗಳೂ ಜ್ವರ ಹೊತ್ತು ಬಂದಳು. ಬೇವಿನ ಸೊಪ್ಪು ಹಿಡಿದು ಬಾಗಿಲಿಗೆ ಹೋದ ವೈದ್ಯ ಅದನ್ನು ಕಟ್ಟದೆ ಒಳಗೆ ಬಂದ. ಕಟ್ಟಿದರೆ ಭಟರು ಬಂದಾರು! ಆಗ ಅವನಿಗೆ ಊರಿನ ಭಯ ಅರ್ಥವಾಯಿತು.

ಅವನು ಕುಂಬಾರಗಿತ್ತಿಯ ಅಂಗಳದಲ್ಲಿ ನಿಂತು, “ತಾಯಿ, ಏನು ಮಾಡಿದರೆ ಮತ್ತೆ ಬೇವು ಕಟ್ಟುತ್ತೀರಿ?” ಎಂದ.

“ನಾವು ಕಟ್ಟಿದ್ದು ಬೀದಿಗೆ ಹೇಳೋಕೆ ಸ್ವಾಮಿ, ಅರಮನೆಗಲ್ಲ. ಕೇಳಿದ್ರೆ ಅರಮನೆಗೂ ಹೇಳ್ತಿದ್ವಿ. ಮಕ್ಕಳು ನಮ್ಮ ಹತ್ರಾನೇ ಇರಲಿ. ಬೇವು ಕಂಡ ಬಾಗಿಲಿಗೆ ಅರಸರು ಗಂಜಿ ಕಳಿಸಲಿ, ಭಟರನ್ನ ಬೇಡ.”

ವೈದ್ಯ ಆಕೆಯನ್ನೇ ಅರಮನೆಗೆ ಕರೆದೊಯ್ದ. ಆಕೆಯ ಮಾತೇ ಕಟ್ಟಳೆಯಾಯಿತು. ಡಂಗುರ ಸಾರಿದ ಮರುದಿನ ಬೆಳಿಗ್ಗೆ ಅವನು ತನ್ನ ಬಾಗಿಲಿಗೆ ಬೇವು ಕಟ್ಟಿ ಬೀದಿಯತ್ತ ನೋಡಿದ. ಒಂದೊಂದೇ ಬಾಗಿಲು ತೆರೆಯುತ್ತಿತ್ತು, ಒಂದೊಂದಕ್ಕೂ ಹಸಿರು ಏರುತ್ತಿತ್ತು. ಇಷ್ಟಾದ ಮೇಲೂ ಇವರು ತಮ್ಮ ನೋವನ್ನು ನನ್ನೆದುರು ತೆರೆದಿಟ್ಟರಲ್ಲ ಎಂದು ಅವನ ಮೈ ಜುಮ್ಮೆಂದಿತು. ಅವನ ಹೊಸ್ತಿಲ ಹೊರಗೂ ಆಗಲೇ ಗಂಜಿಯ ಕುಡಿಕೆಯೊಂದಿತ್ತು, ಇಟ್ಟವಳು ಕುಂಬಾರಗಿತ್ತಿ. ಅವನು ಗುಡಿಯಲ್ಲಿ ನಿಂತವನಂತೆ ಕೈ ಮುಗಿದ.

ಕತೆ ಮುಗಿದಾಗ ಶಿಷ್ಯ ತಡೆತಡೆದು ಕೇಳಿದ: “ಹಾಗಾದರೆ ನಾಳೆ ನಾನು ಅರಮನೆಗೆ ಹೋಗಬಾರದೆ?”

“ಹೋಗು, ಬೇವು ಕಟ್ಟಿದ ಕೈ ಹಿಡಿದುಕೊಂಡು ಹೋಗು,” ಎಂದರು ಗುರುಗಳು.

ಶಿಷ್ಯ ಎದ್ದು, ತನ್ನ ವಿವರದಲ್ಲಿದ್ದ ಮೊದಲ ಊರಿನ ದಾರಿ ಹಿಡಿದ.