ಲೆಂಕರ ಬಂಡೆಯ ಹಾಲುದೊಣೆ

ಸಾಮಂತರು ಈ ಬಯಲುಸೀಮೆಯನ್ನು ಹಂಚಿಕೊಂಡು ಆಳುತ್ತಿದ್ದ ಪೂರ್ವಕಾಲದಲ್ಲಿ, ಹನ್ನೆರಡು ಹಳ್ಳಿಗಳ ಒಡೆಯನಾದ ಚಟ್ಟರಸನು ಈ ಬಂಡೆಯ ಬುಡದಲ್ಲಿ ಮಣ್ಣಿನ ಕೋಟೆ ಕಟ್ಟಿ ನೆಲೆಸಿದ್ದನು. ತಾಯಿಯಿಲ್ಲದ ಅವನಿಗೆ ಹಾಲೂಡಿಸಿ ಸಾಕಿದವಳು ಮಾಕವ್ವೆ. ಅವಳ ಮಗ ಸೋವನು ಅವನೊಡನೆ ಒಂದೇ ತೊಟ್ಟಿಲಲ್ಲಿ ಬೆಳೆದವನು.

ಆಗಿನ ವೀರರಲ್ಲಿ ಲೆಂಕತನವೆಂಬ ವ್ರತವಿತ್ತು. ಒಡೆಯನಿಂದ ಕಾಲಿಗೆ ಕಡಗ ತೊಡಿಸಿಕೊಂಡವನು ಒಡೆಯ ಸತ್ತ ಮೇಲೆ ಬದುಕಿರುವಂತಿಲ್ಲ. ಲೆಂಕರು ಹೆಚ್ಚಿದಷ್ಟೂ ಸಾಮಂತನ ಪ್ರತಿಷ್ಠೆ ಹೆಚ್ಚುತ್ತಿತ್ತು. ಚಟ್ಟರಸನ ಮೊದಲ ಲೆಂಕನಾದವನು ಸೋವನೇ.

ಕಡಗ ತೊಡಿಸಿದ ದಿನ ಮಾಕವ್ವೆ, "ನನ್ನ ಎಮ್ಮೆಗೂ ಇಷ್ಟು ದಪ್ಪದ ಬಳೆ ಹಾಕಿಲ್ಲವಲ್ಲೋ ಚಟ್ಟ! ಇನ್ನು ನಿನಗೆ ಹೊಟ್ಟೆನೋವು ಬಂದರೂ ನಾನೇ ಹೆದರಬೇಕು" ಎಂದಳು.

"ಹೆದರಬೇಡವ್ವಾ, ನಾನು ನೂರು ವರ್ಷ ಬದುಕುತ್ತೇನೆ" ಎಂದು ಅರಸನು ನಕ್ಕನು.

ಮುಂದೆ ಗೋಣಿಗಲ್ಲಿನ ದುರ್ಗವನ್ನು ಗೆದ್ದವನಿಗೆ ಮಂಡಳಿಕ ಪದವಿಯೆಂದು ಚಕ್ರವರ್ತಿಯ ಅಪ್ಪಣೆಯಾಯಿತು. ಸೋವನನ್ನು ಕೋಟೆಯ ಕಾವಲಿಗೆ ಬಿಟ್ಟು, ಉಳಿದ ಲೆಂಕರೊಡನೆ ಹೊರಟ ಚಟ್ಟರಸನು ಎಷ್ಟು ಕಾದಿದರೂ ದುರ್ಗ ಬೀಳಲಿಲ್ಲ. ಕೊನೆಗೆ, ತಾನು ಬಾಣ ತಗುಲಿ ಸತ್ತುದಾಗಿ ಸುದ್ದಿ ಹಬ್ಬಿಸಿ, ಮೈಮರೆತ ಶತ್ರುಗಳು ಬಾಗಿಲು ತೆರೆದಾಗ ಒಳನುಗ್ಗುವ ಉಪಾಯ ಹೂಡಿದನು.

"ಒಡೆಯಾ, ಊರಲ್ಲಿ ಸೋವನಿದ್ದಾನೆ. ಅವನಿಗಾದರೂ ನಿಜ ಹೇಳಿ ಕಳುಹಿಸೋಣ" ಎಂದನು ಮುದಿ ದಳಪತಿ ಬೊಪ್ಪಣ್ಣ.

"ದೂತ ದಾರಿಯಲ್ಲಿ ಸಿಕ್ಕಿಬಿದ್ದರೆ ಎಲ್ಲವೂ ಹಾಳು. ಗೆದ್ದ ಮೇಲೆ ನಾನೇ ಹೋಗಿ ಅವನನ್ನು ನಗಿಸುತ್ತೇನೆ."

ದುರ್ಗ ಬಿತ್ತು. ಬೆಳ್ಗೊಡೆಯೊಡನೆ ಮರಳಿದ ಮಂಡಳಿಕನಿಗೆ ಬಾಗಿಲಲ್ಲಿ ಆರತಿ ಎತ್ತುವವರು ಇರಲಿಲ್ಲ. ಬಂಡೆಯ ಕೆಳಗೆ ಮಾಕವ್ವೆ ಮಗನ ಶವದ ಬಳಿ ಕುಳಿತು, ಕಾಲಿಗೆ ಎಣ್ಣೆ ಸವರಿ ಕಡಗ ತೆಗೆಯಲು ಹೆಣಗುತ್ತಿದ್ದಳು.

"ಬದುಕಿದ್ದೀಯಾ?" ಎಂದಳು. "ನಿನ್ನ ಸುದ್ದಿ ಕೇಳಿ ಇವನು ಅಳಲಿಲ್ಲ. ಉಂಡು, ನನ್ನ ಕಾಲಿಗೆ ಬಿದ್ದು, ಬಂಡೆ ಹತ್ತಿದ. ಅಳುತ್ತಾ ಕೂತಿದ್ದವಳು ನಾನು, ನಿನಗಾಗಿ. ಅದಕ್ಕೇ ಇವನು ಹೋದದ್ದು ಕಾಣಲಿಲ್ಲ."

ಚಟ್ಟರಸನು ಕತ್ತಿ ಹಿರಿದು ತನ್ನ ಕೊರಳಿಗೆ ಇಟ್ಟುಕೊಂಡನು. ಆಗ ಬಂಡೆಯೊಳಗಿಂದ ಶಿವನ ವಾಣಿ ಕೇಳಿಸಿತು: "ನೀನು ಸತ್ತರೆ ಉಳಿದ ಲೆಂಕರೂ ಸಾಯುವರು. ಸಾಯುವ ಸ್ವಾತಂತ್ರ್ಯವೂ ನಿನಗೆ ಉಳಿದಿಲ್ಲ. ಕಟ್ಟಿದ್ದನ್ನು ಬಿಚ್ಚು."

ಅರಸನು ಒಬ್ಬೊಬ್ಬ ಲೆಂಕನ ಮುಂದೆಯೂ ಮಂಡಿಯೂರಿ ಕಡಗ ಕಳಚಿದನು. ಕೊನೆಯದು ಕಳಚಿದಾಗ, ಸೋವನು ಬಿದ್ದ ಕಲ್ಲಿನ ಕುಳಿಯಲ್ಲಿ ಹಾಲಿನಂತೆ ಬೆಳ್ಳಗಿನ ನೀರು ಜಿನುಗಿತು; ಅದೇ ಈ ಹಾಲುದೊಣೆ. ಲೆಂಕರಿಲ್ಲದ ಮಂಡಳಿಕನ ಪದವಿ ವರ್ಷ ತುಂಬುವುದರೊಳಗೆ ಅಳಿಯಿತು. ಅವನು ಇಲ್ಲಿಯೇ ಸೋವೇಶ್ವರನನ್ನು ಪ್ರತಿಷ್ಠಿಸಿ, ಕಸ ಗುಡಿಸಿಕೊಂಡು ಬಾಳಿದನು.

ಈ ಕ್ಷೇತ್ರದಲ್ಲಿ ಹರಕೆ ಹೊರುವಂತಿಲ್ಲ. ತೀರಿಸಲಾಗದ ಹರಕೆಗೋ ಆಣೆಗೋ ಸಿಲುಕಿದವರು ಕಾರ್ತಿಕ ಅಮಾವಾಸ್ಯೆಯಂದು ಬಂದು, ದೊಣೆಯ ನೀರು ಮುಟ್ಟಿ ಬಿಡುಗಡೆ ಹೊಂದುತ್ತಾರೆ. ದೊಣೆಯೊಳಗೆ ಕಾಲಿಡುವುದು, ನಾಣ್ಯ ಎಸೆಯುವುದು ಸರ್ವಥಾ ಕೂಡದು. ನೈವೇದ್ಯವು ಮೊದಲು ಗುಡಿಯೊಳಗಿನ ಮಾಕವ್ವೆಯ ವಿಗ್ರಹಕ್ಕೆ, ಅನಂತರ ದೇವರಿಗೆ. ಹೊಸಿಲಿನ ಹೊರಗೆ ಕೈಮುಗಿದು ಅವಳನ್ನೇ ನೋಡುತ್ತಿರುವ ವಿಗ್ರಹ ಚಟ್ಟರಸನದು. ಮಾಕವ್ವೆಯ ಮುಖವನ್ನು ಮಾತ್ರ ಶಿಲ್ಪಿಯು ಆಚೆಗೆ ತಿರುಗಿಸಿ ಕೆತ್ತಿದ್ದಾನೆ.