ಇನ್ನಾಸಿ ಹೊಡೆದ ಗಂಟೆ

ಲೂರ್ದಮ್ಮನಿಗೆ ಇದ್ದವನು ಒಬ್ಬನೇ ಮಗ, ಇನ್ನಾಸಿ. ಆಳು ನೋಡಿದರೆ ಬಾಗಿಲು ತುಂಬ, ಬುದ್ಧಿ ಮಾತ್ರ ಮೊಣಕಾಲುದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುವವನು. ‘ನಾನು ಕಣ್ಣು ಮುಚ್ಚಿದ ಮೇಲೆ ಇದಕ್ಕೆ ತುತ್ತು ಹಾಕೋರು ಯಾರು’ ಅನ್ನುವುದೊಂದೇ ಅವಳ ಚಿಂತೆ. ಚರ್ಚಿನಲ್ಲಿ ಗಂಟೆ ಹೊಡೆಯುವ ಚೌರಪ್ಪನಿಗೆ ವಯಸ್ಸಾಗಿತ್ತು. ಆ ಕೆಲಸ ಇವನಿಗೆ ಸಿಕ್ಕರೆ ಫಾದರ್ ಅಡುಗೆಮನೆಯಲ್ಲಿ ಜೀವನಪೂರ್ತಿ ಊಟ. ಆದರೆ ಇವನ ಕೈಗೆ ಹಗ್ಗ ಕೊಡಲು ಫಾದರಿಗೆ ಧೈರ್ಯ ಬರಬೇಕಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ಒಂದು ಭಾನುವಾರ ಫಾದರ್ ಪ್ರಸಂಗ ಮಾಡಿದರು. “ಲೋಕದ ಕೊನೆ ಯಾವತ್ತೋ ಯಾರಿಗೂ ಗೊತ್ತಿಲ್ಲ. ಯೇಸುಸ್ವಾಮಿ ಯಾವ ಗಳಿಗೆಯಲ್ಲಾದರೂ ಬರಬಹುದು. ದೀಪ ಹಚ್ಚಿಕೊಂಡು ಕಾಯ್ತಾ ಇರಿ.”

ಜನ ತಲೆಯಾಡಿಸಿದರು, ಮನೆಗೆ ಹೋದರು, ಉಂಡರು, ಮಲಗಿದರು. ಇನ್ನಾಸಿ ಮಲಗಲಿಲ್ಲ. ಮಟಮಟ ಮಧ್ಯಾಹ್ನ ಲಾಟೀನು ಹಚ್ಚಿಕೊಂಡು ಹೊಸ್ತಿಲ ಮೇಲೆ ಕೂತ.

“ಹಗಲಲ್ಲಿ ಯಾಕೋ ದೀಪ?” ಅಂದಳು ಲೂರ್ದಮ್ಮ.

“ಫಾದರ್ ಹೇಳಿದ್ರಲ್ಲವ್ವಾ.”

“ಇದ್ದಬದ್ದ ಸೀಮೆಎಣ್ಣೆಯೆಲ್ಲ ಸುಟ್ಟೆಯಲ್ಲೋ ಪೆದ್ದೇ. ಕಾಯೋದು ಅಂದ್ರೆ ಕಣ್ಣುಬಿಟ್ಟು ನೋಡೋದು ಕಣೋ. ಬಾಗಿಲಿಗೆ ಬಂದೋರು ಯಾರು ಅಂತ ವಿಚಾರಿಸ್ಕೋ, ಸಾಕು.”

“ಹೂಂ ಕಣವ್ವಾ” ಅಂದ ಇನ್ನಾಸಿ.

ಮಾರನೆಯ ದಿನ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದಾಗ ಒಬ್ಬ ಮುದುಕ ಬಂದು ಅಂಬಲಿ ಕೇಳಿದ.

“ನೀವು ಯೇಸುಸ್ವಾಮಿನಾ?” ಅಂತ ವಿಚಾರಿಸಿದ ಇನ್ನಾಸಿ.

“ಅಲ್ಲಪ್ಪಾ, ಕುರಿ ಕಾಯೋ ಮುದ್ದಯ್ಯ.”

“ಹಂಗಾದ್ರೆ ಮುಂದಕ್ಕೋಗಿ. ನಾನು ಅವರನ್ನ ಕಾಯ್ತಾ ಇವ್ನಿ.”

ಇದನ್ನು ಕೇಳಿ ಲೂರ್ದಮ್ಮನಿಗೆ ನಿಜಕ್ಕೂ ಸಂಕಟವಾಯಿತು. “ಹಸಿದೋನನ್ನ ಹಂಗೇ ಕಳಿಸಿಬಿಟ್ಟೆಯಾ? ನಿನ್ನ ತಲೆಗಿಷ್ಟು ಮಣ್ಣು ಹಾಕ. ಹಸಿದು ಬಂದೋರು ಯಾರೇ ಆಗ್ಲಿ, ಅವರೇ ಯೇಸುಸ್ವಾಮಿ ಅಂತ ತಿಳ್ಕೋ.”

“ಹೂಂ ಕಣವ್ವಾ.”

ಆ ವಾರವೇ ಬಿಷಪ್ಪರು ಊರಿಗೆ ಬರುವವರಿದ್ದರು. ಚೌರಪ್ಪನ ರಟ್ಟೆ ಹಿಡಿದುಕೊಂಡಿತ್ತು. ಬೇರೆ ದಾರಿಯಿಲ್ಲದೆ ಫಾದರ್ ಇನ್ನಾಸಿಯನ್ನು ಕರೆದು, “ಬಿಷಪ್ಪರು ಬಂದ ತಕ್ಷಣ ಗಂಟೆ ಹೊಡಿ. ಸರಿಯಾಗಿ ಹೊಡೆದರೆ ಕೆಲಸ ನಿನಗೇ” ಅಂದರು. ಲೂರ್ದಮ್ಮ ಬೆಳಗಿನಿಂದ ಜಪಸರ ಕೆಳಗಿಡಲಿಲ್ಲ.

ಊರೆಲ್ಲ ಹಾರ ಹಿಡಿದು, ತಮಟೆಯವರ ಜೊತೆ ರಸ್ತೆಗೆ ಹೋಗಿ ನಿಂತಿತ್ತು. ಇತ್ತ ಚರ್ಚಿನ ಬಾಗಿಲಿಗೆ ಬುಟ್ಟಿ ಮಾರುವ ಮುದುಕಿಯೊಬ್ಬಳು ಬಂದಳು. “ಹೊಟ್ಟೆ ಹಸೀತದೆ ಮಗಾ, ಏನಾದ್ರೂ ಇದ್ದದಾ?”

ಇನ್ನಾಸಿ ಯೋಚನೆ ಮಾಡಿದ. ನಗಬೇಡಿ, ಅವನೂ ಯೋಚನೆ ಮಾಡುತ್ತಾನೆ. ಬಿಷಪ್ಪರಿಗೇ ಗಂಟೆ ಹೊಡೆಯಬೇಕು ಅಂದಮೇಲೆ ಯೇಸುಸ್ವಾಮಿಗೆ ಹೊಡೆಯದೆ ಇರುವುದುಂಟೇ? ಚರ್ಚಿನ ಅಂಗಳದಲ್ಲಿ ಬಿಷಪ್ಪರ ಊಟಕ್ಕೆಂದು ಕುರ್ಚಿ ಹಾಕಿ ಎಲೆ ಇಟ್ಟಿದ್ದರು. ಮುದುಕಿಯನ್ನು ಆ ಕುರ್ಚಿಯಲ್ಲಿ ಕೂರಿಸಿ, ಬಿಷಪ್ಪರ ಎಲೆಗೆ ಅನ್ನ ಬಡಿಸಿ, ಹಗ್ಗಕ್ಕೆ ಜೋತುಬಿದ್ದ. ಢಣ್ ಢಣ್ ಢಣ್.

ಬಿಷಪ್ಪರು ಹಿಂದಿನ ದಾರಿಯಲ್ಲಿ ಬಂದಿರಬೇಕೆಂದು ಜನ ತಮಟೆ ಬಡಿಯುತ್ತ ಓಡಿಬಂದರು. ನೋಡಿದರೆ ಮುದುಕಿ ಸಾರನ್ನ ಕಲಸುತ್ತಿದ್ದಾಳೆ. ಫಾದರ್ ಮುಖ ಕೆಂಪಾಯಿತು. ಲೂರ್ದಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಕೆಲಸ ಹೋಯಿತು, ಊಟವೂ ಹೋಯಿತು ಅಂದುಕೊಂಡಳು. ಅಷ್ಟರಲ್ಲಿ ಬಿಷಪ್ಪರ ಜೀಪು ಬಂದೇಬಿಟ್ಟಿತು. ಇನ್ನಾಸಿ ಅವರಿಗೆ ಕೈ ಅಡ್ಡ ಹಿಡಿದ.

“ವಸಿ ತಡೀರಿ ಬುದ್ಧಿ. ಯೇಸುಸ್ವಾಮಿ ಉಣ್ತಾವ್ರೆ.”

ಬಿಷಪ್ಪರು ಮುದುಕಿಯನ್ನು ನೋಡಿದರು. ಇನ್ನಾಸಿಯನ್ನು ನೋಡಿದರು. ಆಮೇಲೆ ನಿಲುವಂಗಿಯ ತೋಳು ಮಡಚಿ, ಮಜ್ಜಿಗೆ ಸೌಟು ತೆಗೆದುಕೊಂಡು ತಾವೇ ಬಡಿಸಿದರು. “ಬರ್ತಾರೆ ಬರ್ತಾರೆ ಅಂತ ನಾವು ಹೇಳ್ತಾ ಇದೀವಿ ಫಾದರ್, ನಿಜವಾಗಿ ಕಾಯ್ತಾ ಇರೋನು ಇವನೊಬ್ಬನೇ. ಹಗ್ಗ ಇವನ ಕೈಲೇ ಇರಲಿ” ಅಂದರು. ಆ ಊರಿನಲ್ಲಿ ಅವತ್ತು ಪೆದ್ದನಿಗೆ ಬಿದ್ದಷ್ಟು ಹಾರ ಬಿಷಪ್ಪರಿಗೂ ಬೀಳಲಿಲ್ಲ.

ಸಂಜೆ ಫಾದರ್ ಬುದ್ಧಿ ಹೇಳಿದರು. “ಇನ್ಮೇಲೆ ಪೂಜೆಗೆ ಮಾತ್ರ ಗಂಟೆ. ಸಾಕ್ಷಾತ್ ಯೇಸುಸ್ವಾಮಿಯೇ ಬಂದರೆ ಹೊಡಿ, ಬೇಡ ಅನ್ನಲ್ಲ. ಬೇರೆ ಯಾತಕ್ಕೂ ಮುಟ್ಟಬೇಡ.”

“ಹೂಂ ಬುದ್ಧಿ.”

ಮಾರನೆಯ ಮಧ್ಯಾಹ್ನ ಮಗ ಊಟ ಮಾಡುವುದನ್ನು ಕಣ್ಣಾರೆ ನೋಡೋಣ ಅಂತ ಲೂರ್ದಮ್ಮ ಫಾದರ್ ಅಡುಗೆಮನೆಗೆ ಬಂದಳು.

“ನೀನು ಉಂಡೆಯಾ ಅವ್ವಾ?”

“ಎಲ್ಲಿ ಮಗಾ. ಸಂತೋಷದಲ್ಲಿ ಒಲೆಯನ್ನೇ ಹಚ್ಚಲಿಲ್ಲ. ಈಗ ಹಸಿವಾಗ್ತಾ ಅದೆ.”

ಇನ್ನಾಸಿ ತಟ್ಟೆ ಕೆಳಗಿಟ್ಟು ಎದ್ದ. ಢಣ್ ಢಣ್ ಢಣ್.

ಹೊಲದವರು ಹೊಲ ಬಿಟ್ಟರು, ಒಲೆಯವರು ಒಲೆ ಬಿಟ್ಟರು. ಅರ್ಧ ಕೆನ್ನೆ ಸೋಪಿನ ನೊರೆಯಲ್ಲೇ ಫಾದರ್ ಓಡಿಬಂದು, “ಯಾರೋ ಬಂದಿರೋದು?” ಅಂದರು.

“ಅವ್ವ. ಹಸಿದವ್ಳೆ” ಅಂದ ಇನ್ನಾಸಿ.

ಲೂರ್ದಮ್ಮ ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತುತ್ತು ಇಟ್ಟುಬಿಟ್ಟ.