ಓಲೆಭಂಡಾರದ ಒಗಟೂ ಅಗಸರ ಹೊನ್ನಿಗನೂ

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ನಾಗಲಾದೇವಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈಹಿಡಿಯುವ ಭಾಗ್ಯ. ತಪ್ಪಿದವನಿಗೆ ತಲೆದಂಡ!”

ಡಂಗುರ ಊರಿಗೆಲ್ಲ ಕೇಳಿತು, ಅಗಸರ ಹೊನ್ನಿಗನೊಬ್ಬನಿಗೆ ಕೇಳಲಿಲ್ಲ. ಹೊಳೆಯ ಬಂಡೆಗೆ ಬಟ್ಟೆ ಬಡಿಯುವವನಿಗೆ ಡಂಗುರವೆಲ್ಲಿ ಕೇಳಬೇಕು? ಮರುದಿನ ಎಂದಿನಂತೆ ತಲೆಯ ಮೇಲೆ ಗಂಟು ಹೊತ್ತು ಅರಮನೆಗೆ ಬಂದ. ಬಾಗಿಲಲ್ಲಿ ಉದ್ದದ ಸಾಲು. ಬಟ್ಟೆ ಕೊಡುವುದಕ್ಕೂ ಸಾಲೇ ಎಂದು ಗೊಣಗುತ್ತ ಪಾಪದವನು ಕೊನೆಯಲ್ಲಿ ನಿಂತ.

ಸಭೆಯೊಳಗೆ ಬಂದಾಗ ನೋಡುತ್ತಾನೆ, ಮುಂದಿದ್ದವರನ್ನು ಒಬ್ಬೊಬ್ಬರನ್ನಾಗಿ ಭಟರು ಸೆರೆಗೆ ಎಳೆಯುತ್ತಿದ್ದಾರೆ! “ನಾನು ಸೀರೆ ಕೊಡಕ್ಕೆ ಬಂದೋನು ಸ್ವಾಮಿ” ಎಂದ. “ಸಾಲಿಗೆ ನಿಂತವನು ಹಿಂದೆ ಹೋಗುವ ಹಾಗಿಲ್ಲ” ಎಂದರು. ಹೊನ್ನಿಗ ಗಂಟು ಹೊತ್ತೇ ಮುಂದೆ ಹೋಗಿ ನಿಂತ.

ರಾಜಕುಮಾರಿ ಕೇಳಿದಳು: “ನೂರಾರು ಕಟ್ಟುಗಳಿವೆ. ಒಂದೇ ಸಲ ಹೇಳಿದ ಮಾತು ಎಲ್ಲ ಕಟ್ಟಿಗೂ ನಡೆಯಬೇಕು. ಯಾವ ಮಾತದು?”

ಇದಕ್ಕೆ ಒಬ್ಬ ಯುವರಾಜ “ನೂರು ಆಳು ಇಡುತ್ತೇನೆ” ಎಂದು ಸೆರೆ ಸೇರಿ ತಲೆದಂಡಕ್ಕೆ ಕಾಯುತ್ತಿದ್ದ. ಹೊನ್ನಿಗನಿಗೆ ತಲೆಬುಡ ತಿಳಿಯಲಿಲ್ಲ. ಯಾವುದೋ ಸೀರೆ ಕಳೆದಿರಬೇಕು, ಅದಕ್ಕೇ ವಿಚಾರಣೆ ಎಂದುಕೊಂಡ.

“ಗಂಟು ಬಿಚ್ಚು, ನೋಡು, ಕಟ್ಟು, ಮುಂದಿನದಕ್ಕೆ ಹೋಗು, ಎಲ್ಲಾ ಮುಗಿಯೋವರೆಗೂ ಹಿಂಗೇ ಮಾಡು ಅಂತ ನಮ್ಮಪ್ಪ ಒಂದೇ ಸಲ ಹೇಳಿದ್ದು ಅಮ್ಮಣ್ಣೋರೆ.”

ರಾಜಕುಮಾರಿಯ ಎರಡನೆಯ ಒಗಟು: “ಕಾವ್ಯವೂ ಚಾಡಿಯೂ ಒಂದೇ ಎಂದು ದಾಟಿಹೋಗುವವನು ಯಾರು?”

ಪಂಡಿತನೊಬ್ಬ “ಜ್ಞಾನಿ” ಎಂದು ಸಿಕ್ಕಿಬಿದ್ದಿದ್ದ.

“ಕಾವ್ಯ ನಂಗೊತ್ತಿಲ್ಲ. ಗುರುತು ಹುಡುಕೋನಿಗೆ ರೇಷ್ಮೆನೂ ಒಂದೇ, ಚಿಂದಿನೂ ಒಂದೇ. ಬಟ್ಟೆ ಮೂಲೆಯಲ್ಲಿ ನಾವು ಹಾಕಿರೋ ಗುರುತು ಸಿಕ್ಕಿದ್ರೆ ‘ಐತೆ!’ ಅಂತ ಕೂಗ್ತೀನಿ.”

ಮೂರನೆಯದು: “ಹುಡುಕಿ ಬಂದವನು ಬಾಯಿಯೇ ಬಿಡಲಿಲ್ಲ. ಏನು ಹೇಳಿದ ಹಾಗಾಯಿತು?”

“ಇಲ್ಲ ಅಂತ. ಇದ್ದಿದ್ರೆ ಕೂಗ್ತಿದ್ದನಲ್ಲ!”

ರಾಜಕುಮಾರಿ ಎದ್ದುನಿಂತಳು. “ತಾಳೆಗರಿಯ ಕಟ್ಟುಗಳಿರುವ ನಮ್ಮ ಓಲೆಭಂಡಾರದಲ್ಲಿ ಒಂದು ಹೆಸರು ಹುಡುಕಿ ಎಂದರೆ ಪಂಡಿತರು ಮೂರನೆಯ ಕಟ್ಟಿನ ಕಾವ್ಯದಲ್ಲೇ ಮೈಮರೆಯುತ್ತಾರೆ. ಪ್ರತಿ ಕಟ್ಟು ಬಿಚ್ಚಬೇಕು, ಆ ಹೆಸರಿನ ಅಕ್ಷರಗಳನ್ನಷ್ಟೇ ನೋಡಬೇಕು, ಸಿಗದಿದ್ದರೆ ಸುಮ್ಮನೆ ಮುಂದಕ್ಕೆ ಹೋಗಬೇಕು. ಮೂರೂ ಉತ್ತರ ಸರಿ. ಸೆರೆಯವರನ್ನೂ ಬಿಟ್ಟುಬಿಡಿ.” ಆಮೇಲೆ ದನಿ ತಗ್ಗಿಸಿ, “ನನ್ನನ್ನು ಮದುವೆಯಾಗುವ ಮನಸ್ಸು ನಿನಗಿದೆಯೋ?” ಎಂದು ಕೇಳಿದಳು.

ಹೊನ್ನಿಗ ಕಣ್ಣುಬಿಟ್ಟು ನೋಡಿದ. ಅವಳ ಸೆರಗಿನ ತುದಿಯಲ್ಲಿ ಓಲೆಗೆ ಬಳಿಯುವ ಮಸಿ. ಪ್ರತಿ ವಾರ ತಾನು ಬೈಯುತ್ತ ಉಜ್ಜುತ್ತಿದ್ದ ಕಲೆ ಈ ಹುಡುಗಿಯದೇ! ಅವನ ಎದೆ ತುಂಬಿ ಬಂತು, ಮಾತು ಹೊರಡಲಿಲ್ಲ.

ಸಿಂಹಾಸನದಲ್ಲಿ ಕುಳಿತಿದ್ದ ಅರಸನ ಮೀಸೆ ಕುಣಿಯಿತು. “ಬಾಯಿಯೇ ಬಿಡಲಿಲ್ಲ. ಇವನ ಉತ್ತರದಂತೆಯೇ ‘ಇಲ್ಲ’ ಅಂತಾಯಿತು. ನನ್ನ ಮಗಳನ್ನು ಬೇಡವೆಂದವನ ತಲೆ ತೆಗೆಯಿರಿ!”

“ಐತೆ! ಐತೆ! ಐತೆ!” ಹೊಳೆಯ ಆಚೆದಡಕ್ಕೆ ಕೇಳುವಂತೆ ಹೊನ್ನಿಗ ಕೂಗಿದ.

ನಾಗಲಾದೇವಿ ನಗುತ್ತ ಬಂದು ಅವನ ತಲೆಯ ಮೇಲಿದ್ದ ಗಂಟನ್ನು ತಾನೇ ಇಳಿಸಿಕೊಂಡಳು.